ಬಣ್ಣವಿಲ್ಲದ ವೈರಸ್ಸಿಗೆ ಬಣ್ಣ ಹಚ್ಚಿದವರು

ಸೂಕ್ಷ್ಮದರ್ಶಕದ ಚಿತ್ರ, ಎಂಆರ್‌ಐ ಸ್ಕ್ಯಾನ್, ಬಯಾಪ್ಸಿಯ ಸ್ಲೈಡು ಕಲಾವಿದರ ಕೈಗೆ ಸಿಕ್ಕಾಗ ರೋಗದ ಬಗ್ಗೆ ನಮಗೆ ತಿಳಿವಳಿಕೆ ಹೆಚ್ಚುತ್ತದೆಯೇ, ಬರೀ ಭಯವೇ?

ಕೊರೊನಾ ವೈರಸ್ಸಿನ ಬಣ್ಣ ಯಾವುದು ಎಂದು ಶಾಲೆಯ ಮಕ್ಕಳನ್ನು ಕೇಳಿ ನೋಡಿ. ಹೆಚ್ಚಿನವರು ಕೆಂಪು ಎನ್ನುತ್ತಾರೆ, ಕೆಲವರು ಹಸಿರು ಎಂದಾರು. 2020ರಲ್ಲಿ ನಮ್ಮ ರಸ್ತೆಗಳ ಮೇಲೆ ಪೇಂಟರುಗಳು ಬರೆದ ದೈತ್ಯ ವೈರಸ್ಸು, ಪೊಲೀಸರು ತಲೆಗೆ ಹಾಕಿಕೊಂಡು ನಿಂತ ಮುಳ್ಳಿನ ಹೆಲ್ಮೆಟ್ಟು, ಟೀವಿ ಪರದೆಯ ಮೂಲೆಯಲ್ಲಿ ಗಿರಗಿರ ತಿರುಗುತ್ತಿದ್ದ ಚೆಂಡು, ಇವೆಲ್ಲ ಸೇರಿ ಆ ಉತ್ತರವನ್ನು ಮಕ್ಕಳಿಗೆ ಕಲಿಸಿವೆ. ನಿಜ ಹೇಳಬೇಕೆಂದರೆ ಆ ವೈರಸ್ಸಿಗೆ ಬಣ್ಣವೇ ಇಲ್ಲ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ವೈರಸ್ಸಿನ ಅಡ್ಡಳತೆ ಸುಮಾರು 100. ಬೆಳಕಿನ ಅಲೆಗಿಂತ ಚಿಕ್ಕದಾದ ಅದನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು, ಆ ಯಂತ್ರ ಕೊಡುವುದು ಕಪ್ಪು-ಬಿಳುಪು ಚಿತ್ರವನ್ನು.

ಹಾಗಾದರೆ ಕೆಂಪು ಎಲ್ಲಿಂದ ಬಂತು? ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯಲ್ಲಿ ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ಎಂಬ ಇಬ್ಬರು ವೈದ್ಯಕೀಯ ಚಿತ್ರಕಾರರಿದ್ದರು. 2020ರ ಜನವರಿಯಲ್ಲಿ ಹೊಸ ವೈರಸ್ಸಿಗೊಂದು ಮುಖ ಕೊಡುವ ಕೆಲಸ ಅವರ ಪಾಲಿಗೆ ಬಂತು. ಬೂದು ಬಣ್ಣದ ಗೋಳ, ಅದರ ಮೇಲೆ ಗಾಢ ಕೆಂಪಿನ ಸ್ಪೈಕ್ ಪ್ರೋಟೀನುಗಳು, ನಡುನಡುವೆ ಕಿತ್ತಳೆ ಮತ್ತು ಹಳದಿಯ ಬೇರೆ ಪ್ರೋಟೀನುಗಳು. ಮೇಲ್ಮೈಯನ್ನು ಒರಟಾಗಿಸಿ, ನೆರಳನ್ನು ದಟ್ಟವಾಗಿಸಿ, ಮುಟ್ಟಿದರೆ ಕೈಗೆ ಸಿಕ್ಕೀತು ಎನ್ನಿಸುವ ಹಾಗೆ ಮಾಡಿದರು. ಮುಂದೆ ಸಂಶೋಧಕರು ವೈರಸ್ಸನ್ನು ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಸ್ಪೈಕುಗಳು ಅಷ್ಟು ಒತ್ತಾಗಿಲ್ಲ, ನೆಟ್ಟಗೂ ನಿಲ್ಲುವುದಿಲ್ಲ, ಬುಡದಲ್ಲಿ ಅತ್ತಿತ್ತ ಬಾಗುತ್ತವೆ ಎಂಬುದು ತಿಳಿಯಿತು. ಅಷ್ಟರಲ್ಲಿ ಆ ಕೆಂಪು ಚೆಂಡು ಲೋಕವನ್ನೆಲ್ಲ ಸುತ್ತಿ ಬಂದಿತ್ತು. ಕಣ್ಣಿಗೆ ಕಾಣದ ಶತ್ರು ಇದೆ ಎಂದು ಜನ ನಂಬಬೇಕಿತ್ತು, ನಂಬಿದರು. ಆ ಮಟ್ಟಿಗೆ ಚಿತ್ರ ಗೆದ್ದಿತು.

ಸಂಶೋಧನೆಯ ಚಿತ್ರಗಳಿಂದ ಹುಟ್ಟಿದ ಕಲೆಯನ್ನು ‘ವಿಜ್ಞಾನ-ಕಲೆಗಳ ಸಂಗಮ’ ಎಂದು ಹೊಗಳಿ ಮುಂದೆ ಸಾಗುವುದು ನಮಗೆ ರೂಢಿಯಾಗಿದೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಕಾಣುವುದು ಸಾಲುಸಾಲು ತೀರ್ಮಾನಗಳು. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಕೆಂಪು ಬಳಿಯಬೇಕು ಎಂದು ಯಾರೋ ಒಬ್ಬರು ನಿರ್ಧರಿಸಿರುತ್ತಾರೆ. ರೋಗದ ಬಗ್ಗೆ ಜಾಗೃತಿ ಮೂಡುವುದೂ, ಮೂಡದೆ ಹೋಗುವುದೂ ಆ ನಿರ್ಧಾರಗಳ ಮೇಲೆ ನಿಂತಿದೆ.

ಬಟ್ಟೆಯ ಬಣ್ಣ, ಗಾಜಿನ ಮೇಲೆ

ಈ ಕಥೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಿಂತ ಬಹಳ ಹಳೆಯದು. ದೇಹದಿಂದ ತೆಗೆದ ಅಂಗಾಂಶವನ್ನು ತೆಳ್ಳಗೆ ಕತ್ತರಿಸಿ ಗಾಜಿನ ಪಟ್ಟಿಯ ಮೇಲಿಟ್ಟರೆ ಅದು ಬಹುಪಾಲು ಪಾರದರ್ಶಕ. ಏನನ್ನಾದರೂ ಕಾಣಬೇಕಿದ್ದರೆ ಬಣ್ಣ ಹಾಕಲೇಬೇಕು. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಆ ಬಣ್ಣವನ್ನು ತಂದದ್ದು ಬಟ್ಟೆಗೆ ಬಣ್ಣ ಹಾಕುವವರ ಅಂಗಳದಿಂದ. ಇವತ್ತಿಗೂ ಬಯಾಪ್ಸಿ ಸ್ಲೈಡಿನಲ್ಲಿ ಜೀವಕೋಶದ ಕೇಂದ್ರವನ್ನು ನೀಲಿ-ನೇರಳೆ ಮಾಡುವ ಹೆಮಟಾಕ್ಸಿಲಿನ್, ಮಧ್ಯ ಅಮೆರಿಕದ ಲಾಗ್‌ವುಡ್ ಎಂಬ ಮರದ ತಿರುಳಿನಿಂದ ಬರುತ್ತದೆ. ಬಟ್ಟೆಗೆ ಹಚ್ಚುತ್ತಿದ್ದ ಕಾಲದಲ್ಲಿ ಮಾಡುತ್ತಿದ್ದ ಹಾಗೆಯೇ ಲ್ಯಾಬಿನಲ್ಲೂ ಅದು ಕಚ್ಚಿ ನಿಲ್ಲಲೆಂದು ಪಟಿಕ ಬೆರೆಸುತ್ತಾರೆ. ಜೊತೆಗೆ ಗುಲಾಬಿ ಬಣ್ಣ ಕೊಡುವ ಇಯೋಸಿನ್ 1870ರ ದಶಕದ ಜರ್ಮನ್ ಬಣ್ಣದ ಕಾರ್ಖಾನೆಗಳ ಕೂಸು. ‘ಕ್ಯಾನ್ಸರ್ ಹೀಗೆ ಕಾಣುತ್ತದೆ’ ಎಂದು ಪತ್ರಿಕೆಗಳು ಅಚ್ಚು ಹಾಕುವ ಗುಲಾಬಿ-ನೇರಳೆ ಚಿತ್ರಗಳು ಈ ಎರಡು ಬಣ್ಣಗಳ ಆಟ.

ಕ್ಷಯದ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯಕರ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಪತ್ತೆ ಮಾಡಿರುವುದಾಗಿ ಪ್ರಕಟಿಸಿದರು. ವಿಶ್ವ ಕ್ಷಯ ದಿನವನ್ನು ಅದೇ ತಾರೀಖಿಗೆ ಆಚರಿಸುವುದು ಅದಕ್ಕಾಗಿಯೇ. ಅವರು ತೋರಿಸಿದ ರೋಗಾಣು ಕಂದು ಹಿನ್ನೆಲೆಯ ಮೇಲೆ ನೀಲಿ ಕಡ್ಡಿಯಂತಿತ್ತು, ಏಕೆಂದರೆ ಅವರು ಬಳಸಿದ್ದು ಮೆಥಿಲೀನ್ ನೀಲಿ. ಆಮೇಲೆ ಬಂದ ತ್ಸೀಲ್-ನೀಲ್ಸನ್ ವಿಧಾನ ಬಣ್ಣಗಳನ್ನು ತಿರುವುಮುರುವು ಮಾಡಿತು. ರೋಗಾಣುವಿನ ಮೇಣದಂಥ ಗೋಡೆ ಒಂದು ಕೆಂಪು ಬಣ್ಣವನ್ನು ಹೀರಿಕೊಂಡರೆ ಆಮ್ಲದಲ್ಲಿ ತೊಳೆದರೂ ಬಿಟ್ಟುಕೊಡುವುದಿಲ್ಲ. ಸುತ್ತಲಿನ ಉಳಿದದ್ದೆಲ್ಲ ಬಿಟ್ಟುಕೊಡುತ್ತದೆ, ಅದಕ್ಕೆ ನೀಲಿ ಹಚ್ಚುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಲ್ಯಾಬ್ ಟೆಕ್ನಿಷಿಯನ್ನರು ದಶಕಗಳ ಕಾಲ ಕಫದ ಸ್ಲೈಡಿನಲ್ಲಿ ಹುಡುಕಿದ್ದು ನೀಲಿ ಬಯಲಿನ ಮೇಲಿನ ಆ ಸಣ್ಣ ಕೆಂಪು ಕಡ್ಡಿಗಳನ್ನೇ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ. ಅಷ್ಟಾಗಿಯೂ ತನ್ನ ಕಫದ ಸ್ಲೈಡನ್ನು ಒಮ್ಮೆ ಇಣುಕಿ ನೋಡಿದ ರೋಗಿ ಸಿಗುವುದು ಕಷ್ಟ.

ಬ್ರಿಟನ್ನಿನ ಕಲಾವಿದೆ ಅನ್ನಾ ಡುಮಿಟ್ರಿಯು ಹಿಡಿದುಕೊಂಡದ್ದು ಬಟ್ಟೆಗೂ ಲ್ಯಾಬಿಗೂ ನಡುವಿನ ಈ ಎಳೆಯನ್ನೇ. 2014ರಲ್ಲಿ ಲಂಡನ್ನಿನಲ್ಲಿ ಅವರು ಮಾಡಿದ ಕ್ಷಯರೋಗದ ಪ್ರದರ್ಶನದಲ್ಲಿ ಉಣ್ಣೆಯಿಂದ ಮಾಡಿದ ಪುಟ್ಟ ಪುಟ್ಟ ಶ್ವಾಸಕೋಶಗಳಿದ್ದವು. ಉಣ್ಣೆಗೆ ಮನೆಯ ಧೂಳನ್ನೂ, ಕೊಂದ ಕ್ಷಯಾಣುವಿನಿಂದ ತೆಗೆದ ಡಿಎನ್‌ಎಯನ್ನೂ ಬೆರೆಸಿದ್ದರು. ಹಿಂದೊಮ್ಮೆ ಕ್ಷಯ ಧೂಳಿನಿಂದ ಹರಡುತ್ತದೆ ಎಂದು ಜನ ನಂಬಿದ್ದನ್ನು ನೆನಪಿಸುವ ಕೆಲಸ ಅದು. ಬಟ್ಟೆಯಿಂದ ಬಣ್ಣ ಲ್ಯಾಬಿಗೆ ಹೋಗಿದ್ದರೆ, ಲ್ಯಾಬಿನಿಂದ ರೋಗಾಣುವಿನ ಡಿಎನ್‌ಎ ಹೀಗೆ ಉಣ್ಣೆಗೆ ಬಂತು.

ಒಂದೇ ವಿಧಾನ, ಎರಡು ಚಿತ್ರ

ಚಿತ್ರ ಬರೆಯುವುದೆಂದರೆ ತೀರ್ಮಾನ ಮಾಡುವುದು ಎಂಬುದಕ್ಕೆ ಮಿದುಳಿನ ಇತಿಹಾಸದಷ್ಟು ಒಳ್ಳೆಯ ಸಾಕ್ಷಿ ಇಲ್ಲ. 1873ರಲ್ಲಿ ಇಟಲಿಯ ಕಮಿಲೊ ಗಾಲ್ಜಿ, ಪೊಟ್ಯಾಸಿಯಂ ಡೈಕ್ರೊಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ನರಕೋಶಗಳನ್ನು ಕಪ್ಪಾಗಿಸುವ ಉಪಾಯ ಕಂಡುಹಿಡಿದರು. ಅದರ ಗುಣವೆಂದರೆ ಎಲ್ಲ ಕೋಶಗಳೂ ಕಪ್ಪಾಗುವುದಿಲ್ಲ. ಕಿಕ್ಕಿರಿದ ಜಾತ್ರೆಯಲ್ಲಿ ಅಲ್ಲೊಬ್ಬ ಇಲ್ಲೊಬ್ಬನ ಮೇಲೆ ಮಾತ್ರ ದೀಪ ಬಿದ್ದಂತೆ, ಕೆಲವೇ ಕೋಶಗಳು ರೆಂಬೆಕೊಂಬೆ ಸಮೇತ ಪೂರ್ತಿ ಎದ್ದು ಕಾಣುತ್ತವೆ. ಮಿದುಳಿನ ತುಂಬ ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಬಲೆಯಿದೆ ಎಂದು ಗಾಲ್ಜಿ ನಂಬಿದ್ದರು.

ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಚಿಕ್ಕಂದಿನಲ್ಲಿ ಕಲಾವಿದನಾಗಬೇಕೆಂದು ಹಟ ಹಿಡಿದವರು. ಶರೀರರಚನೆ ಕಲಿಸುತ್ತಿದ್ದ ತಂದೆಯ ಒತ್ತಾಯಕ್ಕೆ ವೈದ್ಯರಾದವರು. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಗಾಲ್ಜಿ ವಿಧಾನದ ಸ್ಲೈಡುಗಳನ್ನು ಕಂಡ ಮೇಲೆ ಅವರು ಹಿಂತಿರುಗಿ ನೋಡಲಿಲ್ಲ. ಅವರ ಚಿತ್ರಗಳಲ್ಲಿ ಪ್ರತಿ ನರಕೋಶವೂ ಬಿಡಿಬಿಡಿ. ತುದಿಗಳು ಒಂದನ್ನೊಂದು ಸಮೀಪಿಸುತ್ತವೆ, ಅಂಟಿಕೊಳ್ಳುವುದಿಲ್ಲ. ಗಂಟೆಗಟ್ಟಲೆ ನೋಡಿ, ಹಲವು ಸ್ಲೈಡುಗಳಲ್ಲಿ ಕಂಡದ್ದನ್ನು ಒಂದೇ ಚಿತ್ರದಲ್ಲಿ ಕೂಡಿಸಿ, ಬೇಡದ್ದನ್ನು ಬಿಟ್ಟು ಬರೆಯುತ್ತಿದ್ದರು. 1906ರಲ್ಲಿ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸೇರಿ ಬಂತು. ಆ ವೇದಿಕೆಯಲ್ಲೂ ಗಾಲ್ಜಿ ಬಲೆಯ ವಾದವನ್ನು ಬಿಟ್ಟುಕೊಡಲಿಲ್ಲ. ಕಾಲ ಕಹಾಲರ ಕಡೆ ನಿಂತಿತು. ಅವರ ಸಾವಿರಾರು ಚಿತ್ರಗಳು ಇಂದು ಸ್ಪೇನಿನಲ್ಲಿ ಜೋಪಾನವಾಗಿವೆ, ಪಠ್ಯಪುಸ್ತಕಗಳಲ್ಲಿವೆ, ಕಲಾ ಗ್ಯಾಲರಿಗಳ ಗೋಡೆಯ ಮೇಲೂ ತೂಗಿವೆ. ಅಲ್ಲಿ ಸೌಂದರ್ಯ ಅಲಂಕಾರಕ್ಕೆ ಬಂದದ್ದಲ್ಲ. ಏನು ಕಾಣುತ್ತಿದೆ ಎಂಬುದನ್ನು ಸ್ಪಷ್ಟ ಮಾಡಿಕೊಳ್ಳುವ ಹಟದಿಂದ ಹುಟ್ಟಿದ್ದು.

ಅಂದವಿದ್ದರೆ ಸಾಕೇ?

1951ರ ‘ಫೆಸ್ಟಿವಲ್ ಆಫ್ ಬ್ರಿಟನ್’ ಹಬ್ಬದಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಹರಳುಗಳ ವಿಜ್ಞಾನಿ ಹೆಲೆನ್ ಮೆಗಾ ಅವರ ಸಲಹೆಯಂತೆ ಎಕ್ಸ್-ಕಿರಣಗಳಿಂದ ಪಡೆದ ಅಣುರಚನೆಯ ನಕ್ಷೆಗಳನ್ನು ಬಟ್ಟೆ, ಗೋಡೆಕಾಗದ, ಪಿಂಗಾಣಿಗಳ ವಿನ್ಯಾಸವಾಗಿ ಬಳಸಿದರು. ಇನ್ಸುಲಿನ್ ಮತ್ತು ಹಿಮೋಗ್ಲೋಬಿನ್ ವಿನ್ಯಾಸಗಳೂ ಅವುಗಳಲ್ಲಿದ್ದವು. ಲಂಡನ್ನಿನ ಥೇಮ್ಸ್ ದಂಡೆಯ ರೆಗಟ್ಟಾ ರೆಸ್ಟೊರೆಂಟನ್ನು ಇಂಥ ವಿನ್ಯಾಸಗಳಿಂದಲೇ ಸಿಂಗರಿಸಿದ್ದರು. ಯುದ್ಧದ ಬೂದಿಯಿಂದ ಏಳುತ್ತಿದ್ದ ದೇಶಕ್ಕೆ ಆ ಹೊಸ ನಕಾಶೆಗಳು ಹುರುಪು ಕೊಟ್ಟಿರಬೇಕು. ಸಕ್ಕರೆ ಕಾಯಿಲೆಯ ಬಗ್ಗೆ ಅವು ಯಾರಿಗೂ ಏನನ್ನೂ ಹೇಳಲಿಲ್ಲ, ಹೇಳಲು ಹೊರಟಿರಲೂ ಇಲ್ಲ. ಆಗಿನ್ನೂ ಇನ್ಸುಲಿನ್‌ನ ಪೂರ್ಣ ಆಕಾರ ವಿಜ್ಞಾನಿಗಳಿಗೇ ಗೊತ್ತಿರಲಿಲ್ಲ. ಡೊರೊಥಿ ಹಾಜ್ಕಿನ್ ಅದನ್ನು ಬಿಡಿಸಿದ್ದು 1969ರಲ್ಲಿ. ಚಂದದ ಚಿತ್ರ ಕಣ್ಣನ್ನು ನಿಲ್ಲಿಸಬಲ್ಲದು, ಆದರೆ ನಿಂತ ಕಣ್ಣಿಗೆ ಏನಾದರೂ ಹೇಳಬೇಕಾದರೆ ಅದಕ್ಕೆ ಬೇರೆಯದೇ ಸಿದ್ಧತೆ ಬೇಕು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವಸ್ತ್ರವಿನ್ಯಾಸಕಿ ಜಾಕ್ವೆಲಿನ್ ಫರ್ಕಿನ್ಸ್ 2014ರಲ್ಲಿ ಆ ಸಿದ್ಧತೆಗೆ ಕೈ ಹಾಕಿದರು. ಅದೇ ವಿಶ್ವವಿದ್ಯಾಲಯದ ಸಂಶೋಧಕ ಕ್ರಿಶ್ಚಿಯನ್ ನೌಸ್ ಅವರ ಪ್ರಯೋಗಾಲಯದ ಜೀವಕೋಶ ಚಿತ್ರಗಳನ್ನು ಆಧರಿಸಿ ಹತ್ತು ಗೌನುಗಳನ್ನು ರೂಪಿಸಿದರು. ಕ್ಯಾನ್ಸರ್ ಕೋಶಗಳ ಹರಡುವಿಕೆ ಲೇಸಾಯಿತು, ಕೋಶಗಳ ಗುಂಪು ನೆರಿಗೆಯಾಯಿತು. ಚಿಕಿತ್ಸೆಯಲ್ಲಿ ಕೂದಲು, ಸ್ತನ, ಮೈಬಣ್ಣ ಕಳೆದುಕೊಂಡ ಹೆಂಗಸರು ತಮ್ಮ ದೇಹದ ಬಗ್ಗೆ ಮಾತಾಡಲು ಒಂದು ನೆಪವಾಗಲಿ ಎಂಬುದು ಅವರ ಆಸೆ. ಒಡನೆಯೇ ಪ್ರಶ್ನೆಯೂ ಹುಟ್ಟುತ್ತದೆ: ಕೊಲ್ಲುವ ಕೋಶವನ್ನು ಸಿಂಗರಿಸುವುದು ಸರಿಯೇ? ಕಿಮೊಥೆರಪಿಯ ವಾಂತಿ ಅನುಭವಿಸಿದವರಿಗೆ ಈ ಲೇಸು ಅವಮಾನ ಅನ್ನಿಸಬಹುದು. ಇನ್ನೊಬ್ಬರಿಗೆ ಅದೇ ಲೇಸು, ಆಸ್ಪತ್ರೆಯ ಕಡತದಲ್ಲಿ ಮುಚ್ಚಿಟ್ಟಿದ್ದ ಸಂಗತಿಯನ್ನು ಎಲ್ಲರೆದುರು ಎತ್ತಿ ಹಿಡಿಯುವ ಧೈರ್ಯ ಕೊಡಬಹುದು. ಪ್ರಯೋಗಾಲಯದ ಚಿತ್ರ ಮಾತ್ರ ನೋಡಿದ ಕಲಾವಿದರಿಗೆ ಈ ಎರಡರ ನಡುವಿನ ಗೆರೆ ಕಾಣುವುದಿಲ್ಲ. ಆ ರೋಗದೊಂದಿಗೆ ಬಾಳಿದವರ ಜೊತೆ ಕೂತು ಮಾತಾಡಿದವರಿಗಷ್ಟೇ ಕಾಣುತ್ತದೆ.

ಬಣ್ಣ ತೆಗೆದವನು, ಬಣ್ಣ ತುಂಬಿದವಳು

ಬ್ರಿಸ್ಟಲಿನ ಕಲಾವಿದ ಲ್ಯೂಕ್ ಜೆರಮ್ ವರ್ಣಾಂಧರು. ಪತ್ರಿಕೆಗಳಲ್ಲಿ ಬರುವ ವೈರಸ್ ಚಿತ್ರಗಳ ಬಣ್ಣ ಎಷ್ಟರಮಟ್ಟಿಗೆ ನಿಜ, ಎಷ್ಟು ಮಂದಿ ಓದುಗರು ಅದನ್ನೇ ನಿಜವೆಂದು ನಂಬುತ್ತಾರೆ ಎಂಬ ಪ್ರಶ್ನೆ ಅವರನ್ನು ಕಾಡಿತು. 2004ರಲ್ಲಿ ಅವರು ಶುರುಮಾಡಿದ ‘ಗ್ಲಾಸ್ ಮೈಕ್ರೊಬಯಾಲಜಿ’ ಸರಣಿಯಲ್ಲಿ ವೈರಸ್ಸುಗಳು ಬಣ್ಣವಿಲ್ಲದ ಗಾಜಿನವು. ಎಚ್‌ಐವಿ, ಸಿಡುಬು, ಹಂದಿಜ್ವರ, ಎಲ್ಲವನ್ನೂ ಗಾಜು ಊದುವ ಕುಶಲಿಗಳು ಬೆಂಕಿಯೆದುರು ರೂಪಿಸಿದರು; ಆಕಾರ ತಪ್ಪದಂತೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ವೈರಾಣು ತಜ್ಞ ಆಂಡ್ರ್ಯೂ ಡೇವಿಡ್‌ಸನ್ ಸಲಹೆ ಕೊಟ್ಟರು. ಎಷ್ಟೋ ಲಕ್ಷ ಪಟ್ಟು ಹಿಗ್ಗಿದ ಈ ವೈರಸ್ಸುಗಳ ಎದುರು ನಿಂತವರಿಗೆ ಹೆದರಬೇಕೋ ಮೆಚ್ಚಬೇಕೋ ತಿಳಿಯುವುದಿಲ್ಲ. ಆ ಗೊಂದಲವೇ ಜೆರಮ್‌ಗೆ ಬೇಕಾದದ್ದು. ಎಚ್‌ಐವಿಯೊಂದಿಗೆ ಬದುಕುತ್ತಿದ್ದ ವ್ಯಕ್ತಿಯೊಬ್ಬರು ಆ ಗಾಜಿನ ವೈರಸ್ಸಿನ ಫೋಟೊ ನೋಡಿ ಜೆರಮ್‌ಗೆ ಹೆಸರು ಹೇಳದೆ ಪತ್ರ ಬರೆದಿದ್ದರು. ತನ್ನೊಳಗೆ ಲಕ್ಷಾಂತರ ಸಂಖ್ಯೆಯಲ್ಲಿ ಇರುವುದು ಇದೇ ಎಂದು ತಿಳಿದ ಮೇಲೆ ಕಣ್ಣು ಕೀಳಲಾಗಲಿಲ್ಲ ಎಂಬುದು ಅದರ ತಾತ್ಪರ್ಯ. ಭಯ ಹುಟ್ಟಿಸುವ ಎಷ್ಟೋ ಪೋಸ್ಟರುಗಳಿಗೆ ಆಗದ ಕೆಲಸ ಇದು: ರೋಗ ಹೊತ್ತವರೇ ನಿಂತು ನೋಡುವ ಹಾಗೆ ಮಾಡುವುದು.

ಜೆರಮ್ ಬಣ್ಣ ತೆಗೆದು ಸಾಧಿಸಿದ್ದನ್ನು ಅಮೆರಿಕದ ಎಲಿಜಬೆತ್ ಜೇಮ್ಸನ್ ಬಣ್ಣ ತುಂಬಿ ಸಾಧಿಸಿದರು. ದೀರ್ಘಕಾಲದ ಕಾಯಿಲೆಯಿರುವ ಮಕ್ಕಳ ಹಕ್ಕುಗಳಿಗಾಗಿ ವಾದಿಸುತ್ತಿದ್ದ ವಕೀಲೆ ಅವರು. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂತು. ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಹೊದಿಕೆಯನ್ನು ಕಿತ್ತು ಹಾಕುವ ಕಾಯಿಲೆ ಇದು. ಹೊದಿಕೆ ಹರಿದ ಜಾಗಗಳು ಎಂಆರ್‌ಐನಲ್ಲಿ ಬಿಳಿ ಮಚ್ಚೆಗಳಾಗಿ ಕಾಣುತ್ತವೆ. ಎಂಆರ್‌ಐ ಯಂತ್ರ ಫೋಟೊ ತೆಗೆಯುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬಲವಾದ ಕಾಂತಕ್ಷೇತ್ರದಲ್ಲಿ ದೇಹದ ನೀರು-ಕೊಬ್ಬಿನೊಳಗಿನ ಹೈಡ್ರೋಜನ್, ರೇಡಿಯೊ ತರಂಗಕ್ಕೆ ಕೊಡುವ ಮರುದನಿಯನ್ನು ಅದು ಅಳೆಯುತ್ತದೆ. ಬಂದ ಅಂಕಿಗಳಿಗೆ ಕಪ್ಪಿನಿಂದ ಬಿಳುಪಿನವರೆಗಿನ ಛಾಯೆ ಕೊಡುತ್ತದೆ. ಯಾವ ಅಂಕಿಗೆ ಯಾವ ಛಾಯೆ ಎಂಬುದೂ ಒಂದು ಒಪ್ಪಂದವೇ.

ಆ ಬೂದು ಚಿತ್ರಗಳನ್ನು ನೋಡಲು ಜೇಮ್ಸನ್‌ಗೆ ಮನಸ್ಸಾಗುತ್ತಿರಲಿಲ್ಲ. ಕೊನೆಗೆ ಅವನ್ನೇ ಎಚಿಂಗ್ (ಲೋಹದ ಮೇಲೆ ಕೊರೆದು ಅಚ್ಚೊತ್ತುವ) ಚಿತ್ರಗಳನ್ನಾಗಿ ಮಾಡತೊಡಗಿದರು. ತನ್ನ ಮಿದುಳಿನ ಸುರುಳಿಗಳಿಗೆ ಹಳದಿ, ನೀಲಿ, ಕೆಂಪು ತುಂಬಿದರು. ರೋಗ ಏರುತ್ತ ಹೋಗಿ ಕೈಕಾಲು ಸ್ವಾಧೀನ ತಪ್ಪಿದ ಮೇಲೂ ಇತರರ ನೆರವಿನಿಂದ ಕೆಲಸ ಸಾಗಿತು. ಅವರ ಕೃತಿಗಳು ಅಮೆರಿಕದ ಆಸ್ಪತ್ರೆ, ವಿಶ್ವವಿದ್ಯಾಲಯಗಳ ಗೋಡೆಗಳಲ್ಲಿವೆ. ವೈದ್ಯರ ಕಂಪ್ಯೂಟರಿನಲ್ಲಿದ್ದ ಚಿತ್ರ ಅದರ ಒಡತಿಗೆ ಮರಳಿ ಸಿಕ್ಕಿದ್ದು ಇಲ್ಲಿನ ಮುಖ್ಯ ಸಂಗತಿ. ‘ನಿಮ್ಮ ಸ್ಕ್ಯಾನ್‌ನಲ್ಲಿ ಹೀಗಿದೆ’ ಎಂದು ಕೇಳಿಸಿಕೊಂಡು ಎದ್ದು ಬರುವ ರೋಗಿಯೂ ಅದನ್ನು ತಾನೇ ನೋಡಬಹುದು, ಕೇಳಬಹುದು ಎಂಬುದನ್ನು ಆ ಚಿತ್ರಗಳು ತೋರಿಸುತ್ತವೆ.

ಯಾರ ಜೀವಕೋಶ?

ಒಡೆತನದ ಮಾತು ಬಂದಾಗ ಹೆನ್ರಿಯೆಟ್ಟಾ ಲ್ಯಾಕ್ಸ್ ಹೆಸರು ಬಾರದೆ ಇರದು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಈ ಕಪ್ಪು ಮಹಿಳೆಯ ಗೆಡ್ಡೆಯಿಂದ, ಅವರನ್ನು ಕೇಳದೆ ಕೋಶಗಳನ್ನು ತೆಗೆದುಕೊಂಡರು. ಅದೇ ವರ್ಷ ಅವರು ತೀರಿಕೊಂಡರು. ‘ಹೀಲಾ’ ಎಂಬ ಹೆಸರಿನಲ್ಲಿ ಆ ಕೋಶಗಳು ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ನೀಲಿ ಕೇಂದ್ರ, ಹಸಿರು ಎಳೆಗಳ ಹೊಳೆಹೊಳೆಯುವ ಹೀಲಾ ಚಿತ್ರಗಳು ಎಷ್ಟೋ ಪೋಸ್ಟರುಗಳಲ್ಲಿ, ಮುಖಪುಟಗಳಲ್ಲಿ ಬಂದಿವೆ. ಬಹುಕಾಲ ಆ ಚಿತ್ರಗಳ ಕೆಳಗೆ ಆಕೆಯ ಹೆಸರಿರಲಿಲ್ಲ.

2017ರಲ್ಲಿ ಕಲಾವಿದ ಕಡೀರ್ ನೆಲ್ಸನ್ ಇದನ್ನು ತಿರುಗಿಸಿ ನಿಲ್ಲಿಸಿದರು. ಅವರ ತೈಲಚಿತ್ರದಲ್ಲಿ ಲ್ಯಾಕ್ಸ್ ನಗುತ್ತ ನಿಂತಿದ್ದಾರೆ. ಉಡುಪಿನ ಮೇಲಿನ ಹೂಗಳು ಸೂಕ್ಷ್ಮದರ್ಶಕದಲ್ಲಿ ಕಾಣುವ ಕೋಶಗಳನ್ನು ಹೋಲುತ್ತವೆ. ಉಡುಪಿನ ಎರಡು ಗುಂಡಿಗಳು ಇಲ್ಲ: ಕೇಳದೆ ತೆಗೆದದ್ದರ ಗುರುತು. ಸಂಶೋಧನೆಯ ಚಿತ್ರ ಹಿನ್ನೆಲೆಗೆ ಸರಿದು, ಆ ಕೋಶ ಯಾರದೋ ಅವರು ಮುಂದೆ ಬಂದರು. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ 18ನೆಯ ಬಗೆ ಹೀಲಾ ಕೋಶಗಳಲ್ಲೂ ಇದೆ. ಆ ವೈರಸ್ಸಿನ ನಂಟನ್ನು ತೋರಿಸಿದ ಹರಾಲ್ಡ್ ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಇಂದು ಅದಕ್ಕೆ ಲಸಿಕೆಯೂ ಇದೆ. ಲಸಿಕೆಯ ಪೋಸ್ಟರಿನಲ್ಲಿ ಬರೀ ವೈರಸ್ಸಿನ ಚೆಂಡನ್ನು ತೋರಿಸುವ ಬದಲು ಈ ಮುಖವನ್ನು ತೋರಿಸಿದರೆ ತಾಯಂದಿರು ಇನ್ನೊಂದು ಕ್ಷಣ ಹೆಚ್ಚು ನಿಂತಾರು.

ಚೇಳು, ಎಕ್ಸ್-ರೇ, ಫೋನ್ ನಂಬರು

ರೋಗದ ಚಿತ್ರ ಭಾರತದಲ್ಲಿ ಅತಿ ಹೆಚ್ಚು ಜನರ ಕೈಗೆ ಸಿಕ್ಕಿರುವುದು ಗ್ಯಾಲರಿಯಲ್ಲಲ್ಲ, ತಂಬಾಕಿನ ಪೊಟ್ಟಣದ ಮೇಲೆ. 2009ರ ಮೇ 31ರಿಂದ ಚಿತ್ರದ ಎಚ್ಚರಿಕೆ ಕಡ್ಡಾಯವಾಯಿತು. ಜಗಿಯುವ ತಂಬಾಕಿನ ಮೇಲೆ ಚೇಳು ಬಂತು, ಬೀಡಿ-ಸಿಗರೇಟಿನ ಮೇಲೆ ಶ್ವಾಸಕೋಶ, ಎದೆಯ ಎಕ್ಸ್-ರೇ. ಚೇಳಿಗೂ ಬಾಯಿ ಕ್ಯಾನ್ಸರಿಗೂ ಏನು ಸಂಬಂಧ ಎಂದು ಆ ಚಿತ್ರ ಹೇಳಲಿಲ್ಲ. ಎಕ್ಸ್-ರೇ ಓದುವುದು ವೈದ್ಯರ ವಿದ್ಯೆ. ಪೆಟ್ಟಿಗೆ ಅಂಗಡಿಯ ಮುಂದೆ ನಿಂತವರಿಗೆ ಅದು ಕಪ್ಪು-ಬಿಳಿ ಕಲೆ ಅಷ್ಟೇ. 2011ರ ಕೊನೆಗೆ ಬಾಯಿ ಹುಣ್ಣಿನ, ಗೆಡ್ಡೆಯ ನೇರ ಚಿತ್ರಗಳು ಬಂದವು. 2016ರ ಏಪ್ರಿಲ್‌ನಿಂದ ಎಚ್ಚರಿಕೆ ಪೊಟ್ಟಣದ ಶೇ 85ರಷ್ಟು ಜಾಗ ತುಂಬಬೇಕೆಂದಾಯಿತು. ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ಆ ನಿಯಮವನ್ನು ರದ್ದುಪಡಿಸಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಒಂದು ಚಿತ್ರದ ಅಳತೆಗಾಗಿ ಇಷ್ಟು ಹೋರಾಟ ನಡೆದದ್ದೇ ಚಿತ್ರದ ಬಲ ಎಷ್ಟೆಂದು ಹೇಳುತ್ತದೆ.

2018ರ ಸೆಪ್ಟೆಂಬರಿನಲ್ಲಿ ಆದ ಬದಲಾವಣೆ ಅಷ್ಟು ಸದ್ದು ಮಾಡಲಿಲ್ಲ. ಚಿತ್ರದ ಜೊತೆಗೆ, ಚಟ ಬಿಡಲು ನೆರವಾಗುವ ಉಚಿತ ಸಹಾಯವಾಣಿಯ ಸಂಖ್ಯೆ ಪೊಟ್ಟಣದ ಮೇಲೆ ಬಂತು. ನನ್ನ ಮಟ್ಟಿಗೆ ಅದೇ ದೊಡ್ಡ ಸುಧಾರಣೆ. ಹೆದರಿದವನಿಗೆ ಮುಂದೇನು ಮಾಡಬೇಕೆಂದು ತಿಳಿಯದಿದ್ದರೆ ಅವನು ಮಾಡುವುದು ಒಂದೇ: ಚಿತ್ರದ ಕಡೆ ನೋಡದಿರುವುದು.

ನಮ್ಮ ಗೋಡೆಗಳ ಮೇಲೆ

ಬೆಂಗಳೂರಿನಲ್ಲಿ ಸಂಶೋಧನೆಯಿಂದ ಹುಟ್ಟುವ ಇಂಥ ಕಲೆಗೆ ನೆಲ ಹದವಾಗಿದೆ. ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರು ನಿಜವಾದ ಮಾನವ ಮಿದುಳನ್ನು ನೋಡಬಹುದು, ಕೈಯಲ್ಲಿ ಹಿಡಿಯಲೂಬಹುದು. ಪಾರ್ಶ್ವವಾಯು, ಗೆಡ್ಡೆ, ತಲೆಗಾದ ಪೆಟ್ಟು ಮಿದುಳಿಗೆ ಏನು ಮಾಡುತ್ತವೆ ಎಂಬುದನ್ನು ಅಲ್ಲಿ ಕಾಣಬಹುದು. ದಾನಿಗಳ ಕುಟುಂಬಗಳು ಒಪ್ಪಿ ಕೊಟ್ಟದ್ದರಿಂದ ನಡೆಯುತ್ತಿರುವ ಕೆಲಸ ಇದು. ಸೈನ್ಸ್ ಗ್ಯಾಲರಿ ಬೆಂಗಳೂರು 2021ರಲ್ಲಿ, ಕೊರೊನಾ ಸೋಂಕಿನ ನಡುವೆಯೇ, ಸೋಂಕನ್ನೇ ವಸ್ತುವಾಗಿಸಿ ಆನ್‌ಲೈನ್ ಪ್ರದರ್ಶನ ನಡೆಸಿತು. ಮರುವರ್ಷ ಮನಸ್ಸಿನ ಕುರಿತು ಇನ್ನೊಂದು. ಸೂಕ್ಷ್ಮದರ್ಶಕಗಳಿಗೂ ಚಿತ್ರಕಲಾ ಶಾಲೆಗಳಿಗೂ ನಮ್ಮಲ್ಲಿ ಬರವಿಲ್ಲ.

ಇವೆಲ್ಲ ರಾಜಧಾನಿಯನ್ನು ದಾಟಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಬರಬೇಕು. ಅಲ್ಲಿ ಈಗ ಇರುವುದು ಎಲ್ಲಿಂದಲೋ ಬಂದ ಪೋಸ್ಟರು, ಬಿಸಿಲಿಗೆ ಮಾಸಿದ ಶ್ವಾಸಕೋಶ. ಅದರ ಬದಲು ಅದೇ ಜಿಲ್ಲೆಯ ಲ್ಯಾಬಿನ ಕಫದ ಸ್ಲೈಡೊಂದನ್ನು, ಯಾರದೆಂಬ ಗುರುತು ಸಿಗದಂತೆ, ಒಪ್ಪಿಗೆ ಪಡೆದು, ಊರಿನ ಕಲಾವಿದರು ಗೋಡೆಯ ಮೇಲೆ ದೊಡ್ಡದಾಗಿ ಬರೆಯಲಿ. ಕ್ಷಯದಿಂದ ಗುಣವಾದವರು ಅವರ ಪಕ್ಕ ನಿಂತು, ಏನು ಬರೆಯಬೇಕು, ಏನು ಬರೆಯಬಾರದು ಎಂದು ಹೇಳಲಿ. ಚಿತ್ರದ ಕೆಳಗೆ ನಾಲ್ಕು ಸಾಲಿರಲಿ: ಇದು ಎಷ್ಟು ಪಟ್ಟು ಹಿಗ್ಗಿಸಿದ್ದು, ಈ ಕೆಂಪು ನಾವು ಹಚ್ಚಿದ್ದು, ಎರಡು ವಾರ ದಾಟಿದ ಕೆಮ್ಮಿದ್ದರೆ ಪರೀಕ್ಷೆ ಈ ಕಟ್ಟಡದಲ್ಲೇ ಉಚಿತ, ಮಾತ್ರೆ ಮುಗಿಯುವವರೆಗೆ ನುಂಗಿದರೆ ಗುಣವಾಗುತ್ತದೆ. ಬಣ್ಣ ಹಚ್ಚಿದ್ದು ನಾವೇ ಎಂದು ಒಪ್ಪಿಕೊಂಡ ಚಿತ್ರವನ್ನು ಜನ ನಂಬುತ್ತಾರೆ. ನಂಬಿದವರು ಒಳಗೆ ಹೋಗಿ, ನನ್ನ ಕಫವನ್ನೂ ನೋಡಿ ಎಂದು ಕೇಳುತ್ತಾರೆ.